ಎದುರಿಗೆ ಕೂರಿಸಿಕೊಳ್ಳುತ್ತಿದ್ದ ಪುಟ್ಟಾಚಾರಿ

ಲ್ಯಾಪ್‌ಟಾಪಿನ ಯಜಮಾನರು ಬಂದು ಎದುರಿಗೆ ಕೂರುವವರೆಗೆ ಪುಟ್ಟಾಚಾರಿ ಒಂದು ಸ್ಕ್ರೂ ಸಹ ಬಿಚ್ಚುತ್ತಿರಲಿಲ್ಲ. ‘ನೀವು ಮಾಡುತ್ತಿರಿ, ನಾನು ಒಳಗಿರುತ್ತೇನೆ’ ಎಂದರೆ ಚೀಲದ ಜಿಪ್ಪು ಎಳೆದು ಎದ್ದೇಬಿಡುವ ಆಸಾಮಿ. ಗಂಜಾಮಿನ ಅಕ್ಕಸಾಲಿಗರ ಮನೆತನ ಅವರದು. ಜನ ರೆಡಿಮೇಡ್ ಒಡವೆಗೆ ತಿರುಗಿಕೊಂಡ ಮೇಲೆ ಕಂಪ್ಯೂಟರ್ ರಿಪೇರಿ ಕಲಿತು, ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಮಾಡಿಕೊಡುತ್ತಿದ್ದರು. ಕೆಟ್ಟದ್ದನ್ನು ತಮ್ಮ ಮನೆಗೆ ಒಯ್ಯುವ ಮಾತೇ ಇಲ್ಲ.

‘ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡಾಕಿಲ್ಲ ಅಂತ ಗಾದೆ ಕಟ್ಟಿ ಮಡಗವ್ರಲ್ಲ ಮೇಡಮ್ಮೋರೆ,’ ಎಂದು ನಗುತ್ತಿದ್ದರು. ‘ನಮ್ಮಪ್ಪ ಅದ್ಕೇ ಚಿನ್ನ ಕರಗ್ಸೋವಾಗ ಒಡವೆಯೋರ್ನ ಎದ್ರುಗೇ ಕೂರಿಸ್ಕತಿದ್ರು. ಆಮೇಕೆ ಒಂದ್ ಮಾತು ಬರಬಾರ್ದು ನೋಡಿ.’ ನಗು ನಗುವೇ, ಆದರೆ ಆ ಗಾದೆ ಅವರಿಗೆ ಎಲ್ಲೋ ಚುಚ್ಚಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತಿತ್ತು.

ನಾನು ಪಾಂಡವಪುರದ ಶಾಲೆಯೊಂದರಲ್ಲಿ ಟೀಚರು. ಪಾಲಹಳ್ಳಿಯ ಮನೆಯಲ್ಲಿ ನಾನು, ನಮ್ಮವ್ವ ಇಬ್ಬರೇ. ಅವ್ವನಿಗೆ ಮರೆವಿನ ಕಾಯಿಲೆ. ದಿನಾ ಶಾಲೆಯಿಂದ ಬಂದು ಲ್ಯಾಪ್‌ಟಾಪಿನಲ್ಲಿ ಹಳೆಯ ಫೋಟೊಗಳನ್ನು ಒಂದೊಂದಾಗಿ ತೋರಿಸುತ್ತಿದ್ದೆ. ‘ಇವ್ನು ನಮ್ಮಣ್ಣ, ಇವ್ಳು ದೇವಲಾಪುರದ ಚಿಕ್ಕವ್ವ’ ಎಂದು ಅವಳು ಹೆಸರು ಹೇಳಬೇಕು. ಹೇಳಿದಷ್ಟು ಹೆಸರು ಆ ದಿನಕ್ಕೆ ಉಳಿದ ಹಾಗೆ. ಆಲ್ಬಮ್ಮುಗಳನ್ನೆಲ್ಲ ಗೆದ್ದಲು ತಿಂದು ಮುಗಿಸಿತ್ತು. ಉಳಿದಿದ್ದು ಆ ಹಳೆಯ ಲ್ಯಾಪ್‌ಟಾಪಿನಲ್ಲಿದ್ದದ್ದು ಮಾತ್ರ. ಇನ್ನೊಂದು ಕಡೆ ತೆಗೆದಿಡಬೇಕೆಂದು ನನಗೆ ಹೊಳೆಯಲಿಲ್ಲ. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವವಳ ಬುದ್ಧಿ ಇಷ್ಟೇ.

ಒಂದು ಶನಿವಾರ ಅದು ಒಳಗಿನಿಂದ ಟಕ್ ಟಕ್ ಎಂದು ಸದ್ದು ಮಾಡುತ್ತ ನಿಂತುಹೋಯಿತು. ಗಾಬರಿಯಲ್ಲಿ ಹತ್ತು ಸಲ ಆಫ್ ಮಾಡಿ ಆನ್ ಮಾಡಿದೆ. ಮರುದಿನ ಬೆಳಿಗ್ಗೆ ಬಂದ ಪುಟ್ಟಾಚಾರಿ ಅದನ್ನು ಕೇಳಿ ಹಣೆ ಹಣೆ ಚಚ್ಚಿಕೊಂಡರು.

‘ಹಾರ್ಡ್ ಡಿಸ್ಕು ಸಾಯೋ ಸ್ಥಿತೀಲದೆ. ಅಂಥದ್ನ ಎಬ್ಬಿಸಿ ಎಬ್ಬಿಸಿ ನಡ್ಸಿದ್ರಲ್ಲ ಮೇಡಮ್ಮೋರೆ! ಹೊಸ್ದು ಹಾಕೋದು ದೊಡ್ಡ ಕೆಲ್ಸ ಅಲ್ಲ. ಇದ್ರಲ್ಲಿರೋದು ಅದುಕ್ಕೆ ಬಂದ್ರೆ ಆಯ್ತು. ಬತ್ತದೆ ಅಂತ ನಾನು ಮಾತು ಕೊಡಾಕಿಲ್ಲ.’

ನಾನು ಎದುರಿಗೆ ಕೂರಲು ಹೋದರೆ ಅವ್ವ ತಡೆದಳು.

‘ನೀನು ಏಳು ಅತ್ಲಾಗೆ. ಆಚಾರಿ ಮುಂದೆ ಕೂರೋದು ನಿಂಗೇನು ಗೊತ್ತು? ನನ್ನ ಬಳೆ ಕರಗ್ಸೋವಾಗ ನಾನು ಕುಂತಿದ್ದೆ ಕಣೇ.’ ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿಲ್ಲದವಳು ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

ಪುಟ್ಟಾಚಾರಿ ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದರದರ ಜಾಗದಲ್ಲೇ ಇಟ್ಟರು. ಹಿಂದಿನ ಮುಚ್ಚಳ ತೆಗೆದರೆ ಫ್ಯಾನಿನ ತುಂಬ ಕುಂಕುಮ. ವರ್ಷವರ್ಷ ಆಯುಧಪೂಜೆಯ ದಿನ ಅವ್ವ ಧಾರಾಳವಾಗಿ ಹಚ್ಚಿದ್ದು. ‘ಮಾಲಕ್ಷ್ಮಿನೇ ಒಳೀಕೆ ಬಂದು ಕುಂತವ್ಳೆ,’ ಎಂದು ಅಪ್ಪನ ಕಾಲದ ಕುಂಚದಿಂದ ಗುಡಿಸಿದರು. ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಹಳೆಯ ಡಿಸ್ಕನ್ನೂ ಚೀಲದಲ್ಲಿ ತಂದಿದ್ದ ಹೊಸದನ್ನೂ ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಇದರಲ್ಲಿದ್ದುದನ್ನು ಅದಕ್ಕೆ ಇಳಿಸಲು ಶುರುಮಾಡಿದರು. ನೂರಕ್ಕೆ ಅರವತ್ತೊಂದು ಎಂದು ತೋರಿಸಿ ನಿಂತುಬಿಟ್ಟಿತು. ಐದು ನಿಮಿಷ ಆಯಿತು, ಅರ್ಧ ಗಂಟೆ ಆಯಿತು, ಅರವತ್ತೊಂದೇ. ಟಕ್ ಟಕ್ ಸದ್ದು ಮತ್ತೆ ಶುರುವಾಯಿತು. ‘ಒಂದು ಸಲ ತೆಗೆದು ಹಾಕಿದರೆ?’ ಎಂದು ಕೇಬಲ್ಲಿಗೆ ಕೈ ಚಾಚಿದೆ.

‘ಮುಟ್ಬ್ಯಾಡಿ!’ ಅವರು ಗದರಿದ್ದು ಅದೊಂದೇ ಸಲ. ‘ಮೂಸೇಲಿ ಚಿನ್ನ ಕರಗೋವಾಗ ಯಾರಾರ ಕೈ ಆಕ್ತಾರಾ? ಅವ್ವಾರ್ನ ನೋಡಿ ಕಲೀರಿ, ಎಂಗೆ ಕುಂತವ್ರೆ.’

ಅವ್ವ ಅಲುಗದೆ ಕೂತಿದ್ದಳು. ಪುಟ್ಟಾಚಾರಿ ಅವಳೊಡನೆ ಬಳೆಯ ಮಾತು ತೆಗೆದರು. ಎಷ್ಟು ತೊಲ, ಯಾರು ಮಾಡಿದ್ದು, ಯಾರ ಮದುವೆಗೆ ಎಂದು ಒಂದೊಂದೇ ಕೇಳುತ್ತ ಹೋದರು. ಅವಳು ಹೇಳುತ್ತ ಹೋದಳು. ಪರದೆಯ ಮೇಲೆ ಅರವತ್ತೆರಡು ಬಂದಾಗ ನಾನು ಬಾಗಿಲ ಹಿಂದೆ ಹೋಗಿ ಅತ್ತೆ.

ಎಲ್ಲ ಮುಗಿದಾಗ ಮಧ್ಯಾಹ್ನ ಇಳಿದಿತ್ತು. ಇಪ್ಪತ್ತು ಮೂವತ್ತು ಫೋಟೊ ತೆರೆಯಲೇ ಇಲ್ಲ. ‘ಇಷ್ಟು ಉಳೀಲಿಲ್ಲ, ತಪ್ಪು ತಿಳೀಬ್ಯಾಡಿ’ ಎಂದು ಅವರೇ ಒಂದೊಂದಾಗಿ ತೋರಿಸಿದರು. ಸತ್ತ ಡಿಸ್ಕನ್ನು ಅವ್ವನ ಅಂಗೈಯಲ್ಲಿಟ್ಟು, ‘ಹಳೇದು ನಿಮ್ದೇ ಅವ್ವಾರೆ, ಒಂದ್ ಚೂರೂ ನಾನು ತಕ್ಕಂಡೋಗಾಕಿಲ್ಲ’ ಎಂದರು. ಆಮೇಲೆ ಲ್ಯಾಪ್‌ಟಾಪಿನ ಕ್ಯಾಮೆರಾ ಕೆಲಸ ಮಾಡುತ್ತದೆಯೇ ಎಂದು ನೋಡಲು ಅವ್ವನ ಪಕ್ಕ ಕೂತು ಒಂದು ಫೋಟೊ ತೆಗೆದುಕೊಂಡರು.

ನಾನು ಅವರನ್ನು ಕಂಡದ್ದು ಅದೇ ಕೊನೆ. ಆಷಾಢದಲ್ಲಿ ಒಂದು ದಿನ, ರಾತ್ರಿ ಮಲಗಿದ ಪುಟ್ಟಾಚಾರಿ ಬೆಳಿಗ್ಗೆ ಏಳಲಿಲ್ಲ ಎಂದು ಗಂಜಾಮಿನಿಂದ ಸುದ್ದಿ ಬಂತು. ಅವ್ವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಮೊನ್ನೆ ಸಂಜೆ ಫೋಟೊ ತೋರಿಸುತ್ತಿದ್ದೆ. ಅಣ್ಣನ ಹೆಸರು ಬರಲಿಲ್ಲ, ಚಿಕ್ಕವ್ವನ ಹೆಸರೂ ಬರಲಿಲ್ಲ. ಕ್ಯಾಮೆರಾ ನೋಡಲು ತೆಗೆದಿದ್ದ ಆ ಫೋಟೊ ಬಂದದ್ದೇ ಅವ್ವನ ಮುಖ ಅರಳಿತು.

‘ಇವ್ನು ನಮ್ಮ ಆಚಾರಿ. ಮಾತಲ್ಲೇ ನನ್ನ ಬಳೆನೆಲ್ಲ ತೋರ್ಸಿದ. ಎಲ್ಲೋದ, ಕಾಣೋದೇ ಇಲ್ವಲ್ಲ?’ ಎಂದವಳು ನನ್ನ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದಳು. ‘ನೀನ್ಯಾರವ್ವಾ?’

ನಾನು ನನ್ನ ಹೆಸರು ಹೇಳಿದೆ. ಆಚಾರಿ ಸತ್ತರೆಂದು ಮಾತ್ರ ಹೇಳಲಿಲ್ಲ.