ಪಾರಿವಾಳಕ್ಕೆ ಕಟ್ಟಿದ ಸಿನಿಮಾ

ವಾಪಸು ಬಂದ ಡಿಸ್ಕನ್ನು ಸೀತಾರಾಮು ಮೊದಲು ಮೂಸುತ್ತಿದ್ದರು. ಆಮೇಲೆ ಟ್ಯೂಬ್‌ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿಸುತ್ತಿದ್ದರು. ಎದುರಿಗೆ ನಿಂತ ನಮಗೆ, ಎಕ್ಸ್‌ರೇ ಹಿಡಿದ ಡಾಕ್ಟರ ಮುಂದೆ ನಿಂತಂತಾಗುತ್ತಿತ್ತು.

‘ಹುಳಿ,’ ಅನ್ನುತ್ತಿದ್ದರು. ‘ಊಟ ಮಾಡ್ತಾ ಮುಟ್ಟಿದೀರಿ. ಅಲ್ಲ ಸ್ವಾಮಿ, ದೇವರ ಪಟಾನೂ ಎಂಜಲು ಕೈಲೇ ಮುಟ್ತೀರಾ?’

ಜೆ.ಪಿ. ನಗರದಲ್ಲಿ ಹಿಟ್ಟಿನ ಗಿರಣಿಗೆ ಅಂಟಿಕೊಂಡಿದ್ದ ಹತ್ತಡಿ ಅಗಲದ ಮಳಿಗೆ ಅವರದು. ಸಿನಿಮಾ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಬೋರ್ಡಿನ ಮೇಲೆ ಏನೋ ಇಂಗ್ಲಿಷ್ ಹೆಸರಿತ್ತು. ಬಡಾವಣೆಗೆಲ್ಲ ಅದು ಸೀತಾರಾಮು ಅಂಗಡಿ. ಗಿರಣಿಯಿಂದ ರಾಗಿ ಹಿಟ್ಟಿನ ಧೂಳು ಬೆಳಗಿನಿಂದ ಸಂಜೆಯವರೆಗೆ ಹಾರಿ ಬರುತ್ತಿತ್ತು, ಇವರು ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಕಡೆ ಮುಖ ಮಾಡಿ ಅದನ್ನು ಬೈಯುತ್ತಿದ್ದರು. ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಿಂದ ಡಿಸ್ಕು ಒರೆಸುತ್ತ, ಬಂದವರಿಗೆಲ್ಲ ಅದೇ ಪಾಠ: ‘ನಡುವಿಂದ ಹೊರಗೆ. ನೇರಕ್ಕೆ. ದೋಸೆ ಹುಯ್ದಂಗೆ ಸುತ್ತಬಾರ್ದು. ಸುತ್ತಿದ್ರೋ, ಸಿನಿಮಾ ಸತ್ತೋಯ್ತು.’

ಪ್ರತಿ ಡಿಸ್ಕಿನ ಡಬ್ಬಿಯಲ್ಲೂ ಅವರದೊಂದು ಚೀಟಿ ಇರುತ್ತಿತ್ತು. ಡಿಸ್ಕನ್ನು ತಾವೇ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿ, ಎಲ್ಲಿ ನಿಲ್ಲುತ್ತದೆ ಅಂತ ಗುಂಡಗಿನ ಅಕ್ಷರದಲ್ಲಿ ಬರೆದಿಡುವರು. ‘ಮೂವತ್ತೊಂದನೇ ನಿಮಿಷ: ಅಂಟುತ್ತೆ. ಮುಂದಕ್ಕೆ ಓಡಿಸಿ.’ ಕೆಲವು ಚೀಟಿಗಳಲ್ಲಿ ವಿಮರ್ಶೆಯೂ ಸೇರಿರುತ್ತಿತ್ತು. ‘ಎಪ್ಪತ್ತನೇ ನಿಮಿಷ: ಅಂಟಲ್ಲ. ಆದ್ರೂ ಓಡಿಸಿ. ಹಾಸ್ಯ ಅಂತ ಏನೋ ಮಾಡಿದಾರೆ.’

ಕೇಳಿದ್ದನ್ನೆಲ್ಲ ಕೊಡುವ ಪೈಕಿಯೂ ಅಲ್ಲ. ‘ಮನೇಲಿ ಯಾರ್ಯಾರು ಕೂತು ನೋಡ್ತೀರಿ?’ ಅಂತ ವಿಚಾರಣೆ ನಡೆಸಿಯೇ ಕಪಾಟಿಗೆ ಕೈ ಹಾಕುತ್ತಿದ್ದರು. ಒಮ್ಮೆ ನಾನು ಧೈರ್ಯ ಮಾಡಿ, ಊರಿಗೆಲ್ಲ ಸಾಂಕ್ರಾಮಿಕ ರೋಗ ಹಬ್ಬುವ ಸಿನಿಮಾವೊಂದನ್ನು ಆರಿಸಿಕೊಂಡು ಹೋದೆ. ಡಬ್ಬಿಯನ್ನು ಕೈಯಿಂದ ಕಿತ್ತುಕೊಂಡರು.

‘ನಿಮಗೆ ಬೇಡ. ಹೋದ ವಾರ ಸೀನು ಬಂತು ಅಂತ ಮೂರು ಡಾಕ್ಟರ್ ಹತ್ರ ಹೋಗಿದ್ರಂತೆ. ನಿಮ್ಮ ತಾಯಿಯವರು ಹೇಳಿದ್ರು.’

ಎರಡೇ ಡಾಕ್ಟರು. ಮೂರನೆಯವರು ಊರಿನಲ್ಲಿರಲಿಲ್ಲ.

ಆ ಅಂಗಡಿಯ ನಿಜವಾದ ಮೆಂಬರು ಅಮ್ಮ. ನಾನು ಬರೀ ಹೊತ್ತು ತರುವವನು. ಅಮ್ಮ ಮತ್ತೆ ಮತ್ತೆ ತರಿಸುತ್ತಿದ್ದುದು ಒಂದೇ ಒಂದು ಹಳೆಯ ಕನ್ನಡ ಸಿನಿಮಾ. ಹೆಸರು ಹೇಳಿದರೂ ಯಾರಿಗೂ ನೆನಪಾಗಲಿಕ್ಕಿಲ್ಲ, ಓಡಿದ್ದೂ ಅಷ್ಟರಲ್ಲೇ ಇದೆ. ಅಮ್ಮ ಓದುತ್ತಿದ್ದ ಕಾಲೇಜಿಗೆ ಸಿನಿಮಾದವರು ಬಂದು, ಹುಡುಗಿಯರನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿ, ನಾಯಕ ಓಡಿ ಬರುವಾಗ ಎಡಕ್ಕೆ ನೋಡಿ ಅಂದಿದ್ದರಂತೆ. ಎಲ್ಲರೂ ಎಡಕ್ಕೆ ನೋಡಿದ್ದಾರೆ. ಎರಡನೇ ಮೆಟ್ಟಿಲಿನಲ್ಲಿ ಎರಡು ಜಡೆಯ ಒಬ್ಬಳು ಮಾತ್ರ ಬಲಕ್ಕೆ ತಿರುಗಿ ನಗುತ್ತಾಳೆ. ಅವಳೇ ಅಮ್ಮ. ಐವತ್ತೆರಡನೇ ನಿಮಿಷದಲ್ಲಿ ನಾಲ್ಕು ಸೆಕೆಂಡು. ಮದುವೆಗೆ ಮುಂಚಿನ ಅವಳ ಫೋಟೊ ನಮ್ಮ ಮನೆಯಲ್ಲಿ ಒಂದೂ ಇಲ್ಲ. ನನಗೆ ಗೊತ್ತಿರುವ ಅಮ್ಮನಿಗೆ ಮಂಡಿನೋವು, ಬೀಗದ ಕೈ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಭಯ. ಕೊನೆಯದನ್ನು ನನಗೂ ಧಾರೆ ಎರೆದಿದ್ದಾಳೆ. ಭಯವೇ ಇಲ್ಲದ ಅಮ್ಮ ಇದ್ದದ್ದು ಆ ನಾಲ್ಕು ಸೆಕೆಂಡಿನಲ್ಲಿ.

ಮನೆಮನೆಯ ಟಿವಿಗೂ ಆ್ಯಪ್ ಬಂದ ಮೇಲೆ ಅಂಗಡಿಗೆ ಜನ ಬರುವುದು ನಿಂತಿತು. ಸೀತಾರಾಮು ದುಃಖಪಡಲಿಲ್ಲ, ಸಿಟ್ಟಾದರು. ‘ಟೇಪ್ ಹೋಗಿ ಡಿಸ್ಕ್ ಬಂತು, ನಾನು ಒಂದು ಮಾತಾಡ್ದೆ ಕಪಾಟು ಬದಲಾಯಿಸ್ದೆ. ಅದು ಹೋಗಿ ಇನ್ನೂ ಒಳ್ಳೆ ಡಿಸ್ಕ್ ಬಂತು, ಅದಕ್ಕೂ ತಲೆ ಬಾಗಿಸ್ದೆ. ಯಾಕೆ? ಒಂದು ವಸ್ತು ಹೋಗಿ ಇನ್ನೊಂದು ವಸ್ತು ಬರ್ತಿತ್ತು. ಈಗ ವಸ್ತು ಹೋಗಿ ಏನು ಬಂದಿದೆ ತೋರ್ಸಿ? ಅವರು ತೋರಿಸೋವರ್ಗೂ ನೋಡಿ, ಬಾಗಿಲು ಹಾಕಿದ್ರೆ ಎದ್ದು ಬನ್ನಿ. ಇದು ಸಿನಿಮಾ ಕೊಡೋದಾ, ಇಣುಕೋಕೆ ಬಿಡೋದಾ?’

ನಾನು ತಲೆಯಾಡಿಸಿದೆ. ಮನೆಗೆ ಬಂದು ಆ್ಯಪ್ ಹಾಕಿಸಿಕೊಂಡೆ.

ಅಂಗಡಿ ಮುಚ್ಚುವ ವಾರ ಹಳೆಯ ಮೆಂಬರುಗಳನ್ನೆಲ್ಲ ಕರೆದು, ಅವರವರ ಪ್ರೀತಿಯ ಡಿಸ್ಕನ್ನು ಅವರವರ ಕೈಗಿಟ್ಟರು. ನನಗೆ ಕೊಡುವಾಗ ಡಬ್ಬಿಯನ್ನು ತಕ್ಷಣ ಬಿಡಲಿಲ್ಲ. ‘ಇದು ನಿಮ್ಮ ತಾಯಿಯವರದು. ಇನ್ನೊಂದು ಎಲ್ಲೂ ಸಿಗಲ್ಲ, ನಾನು ಹುಡುಕಿದೀನಿ. ಆ್ಯಪಲ್ಲಿ ಬಂದಿದೆ ಅಂತ ಉಡಾಫೆ ಮಾಡ್ಬೇಡಿ.’

‘ಖಂಡಿತ ಇಲ್ಲ ಸಾರ್,’ ಅಂದೆ.

ಅಮ್ಮ ತೀರಿಕೊಂಡಳು. ನಾವು ಪುಟ್ಟೇನಹಳ್ಳಿಯ ಫ್ಲ್ಯಾಟಿಗೆ ಬಂದೆವು. ಬರುವಾಗ ಡಿಸ್ಕ್ ಪ್ಲೇಯರನ್ನು ಗುಜರಿಯವನಿಗೆ ಹಾಕಿದೆವು. ಹೊಸ ಮನೆಯ ಬಾಲ್ಕನಿಯಲ್ಲಿ ಪಾರಿವಾಳಗಳ ಕಾಟ. ಪಾರಿವಾಳದ ಹಿಕ್ಕೆಯಿಂದ ಶ್ವಾಸಕೋಶಕ್ಕೆ ಏನೇನು ಬರುತ್ತದೆ ಅಂತ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ಓದಿದ ಅರ್ಧ ಗಂಟೆಗೆ ನನಗೆ ಕೆಮ್ಮು ಶುರುವಾಯಿತು. ಹೊಳೆಯುವ ಡಿಸ್ಕು ತೂಗುಹಾಕಿದರೆ ಪಾರಿವಾಳ ಬರುವುದಿಲ್ಲ ಅಂತ ಎದುರು ಮನೆಯವರು ಹೇಳಿದರು. ಮನೆಯಲ್ಲಿ ಬಿದ್ದಿದ್ದ ಎಂಟು ಹಳೆಯ ಡಿಸ್ಕು ತೆಗೆದು, ನೈಲಾನ್ ದಾರ ಪೋಣಿಸಿ, ಸಾಲಾಗಿ ಕಟ್ಟಿದೆ.

ಅವುಗಳಲ್ಲಿ ಒಂದು ಅದೇ ಡಿಸ್ಕು. ನೋಡದೆ ಆದ ತಪ್ಪು ಅಂತ ಬರೆಯಲು ಕೈ ತುಡಿಯುತ್ತಿದೆ. ನಾನು ಹೆಸರು ಓದಿಯೇ ಕಟ್ಟಿದೆ. ‘ಹೇಗೂ ಆ್ಯಪಲ್ಲಿ ಇದೆಯಲ್ಲ’ ಅಂದುಕೊಂಡೆ. ಪಾರಿವಾಳಗಳು ಹೆದರಲಿಲ್ಲ. ಡಿಸ್ಕಿನಲ್ಲಿ ಮುಖ ನೋಡಿಕೊಂಡು, ಕತ್ತು ಕೊಂಕಿಸಿ, ಅಲ್ಲೇ ಸಂಸಾರ ಹೂಡಿದವು.

ಅಮ್ಮನ ವರ್ಷಾಬ್ದಿಕಕ್ಕೆ ಮೈಸೂರಿನಿಂದ ಚಿಕ್ಕಮ್ಮ ಬಂದಿದ್ದರು. ಊಟವಾದ ಮೇಲೆ, ‘ಅಕ್ಕನ್ನ ಒಂದ್ಸಲ ತೋರ್ಸೋ, ಆ ಮೆಟ್ಟಿಲ ಮೇಲೆ ಕೂತಿರೋದು,’ ಅಂದರು. ನಾನು ಗತ್ತಿನಿಂದ ರಿಮೋಟ್ ಹಿಡಿದೆ. ‘ಈ ಚಿತ್ರ ಸದ್ಯ ಲಭ್ಯವಿಲ್ಲ’ ಅಂತ ಬಂತು. ಆ್ಯಪಿನ ಸಹಾಯವಾಣಿಯ ಚಾಟ್‌ಗೆ ಬರೆದೆ. ಯಂತ್ರವೊಂದು ಕ್ಷಣದಲ್ಲಿ ಉತ್ತರಿಸಿತು: ‘ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಇದೇ ರೀತಿಯ ಬೇರೆ ಚಿತ್ರಗಳು ಇಲ್ಲಿವೆ.’ ಕೆಳಗೆ ಹನ್ನೆರಡು ಚಿತ್ರ ಸಾಲಾಗಿ ನಿಂತವು. ಇದೇ ರೀತಿಯ! ಇದೇ ರೀತಿಯ ಬೇರೆ ಅಮ್ಮ ಯಾವುದಾದರೂ ಇದ್ದರೆ ಕೊಡಿ ಅಂತ ಟೈಪು ಮಾಡಿದೆ. ‘ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?’ ಅಂತ ಕೇಳಿತು.

ಬಾಲ್ಕನಿಗೆ ಓಡಿದೆ. ಎಡದಿಂದ ನಾಲ್ಕನೆಯದು. ಬಿಸಿಲು, ಮಳೆ, ಹಿಕ್ಕೆ ಎಲ್ಲ ತಿಂದಿತ್ತು. ಮಗಳು ತನ್ನ ಲ್ಯಾಪ್‌ಟಾಪನ್ನು ಆ ಕಡೆ ಈ ಕಡೆ ತಿರುಗಿಸಿ, ‘ಅಪ್ಪ, ಇದಕ್ಕೆ ಡಿಸ್ಕ್ ಹಾಕೋ ಜಾಗಾನೇ ಇಲ್ಲ,’ ಅಂದಳು. ಚಿಕ್ಕಮ್ಮ ಕನ್ನಡಕ ತೆಗೆದು ಮಡಿಚಿಟ್ಟರು.

ಮರುದಿನ ಬನಶಂಕರಿಯಲ್ಲಿದ್ದ ಸೀತಾರಾಮು ಮನೆಗೆ ಹೋದೆ. ಡಿಸ್ಕನ್ನು ನಲ್ಲಿಯ ಕೆಳಗೆ ತೊಳೆದು, ಅದರ ಡಬ್ಬಿಗೆ ಹಾಕಿ, ದಾರಿಯುದ್ದಕ್ಕೂ ಸುಳ್ಳೊಂದನ್ನು ಬಾಯಿಪಾಠ ಮಾಡಿಕೊಂಡಿದ್ದೆ.

‘ಮನೆ ಬದಲಾಯಿಸುವಾಗ ಸ್ವಲ್ಪ ಗೀರು ಬಿತ್ತು ಸಾರ್.’

ಅವರು ಮೂಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ನಡುವಿನ ತೂತಿನ ಅಂಚಿನಲ್ಲಿ ದಾರ ಉಜ್ಜಿದ ಗುರುತಿತ್ತು. ಅದರ ಮೇಲೆ ಉಗುರು ಆಡಿಸಿದರು.

‘ಪಾರಿವಾಳಕ್ಕಾ?’

ನಾನು ನೆಲ ನೋಡಿದೆ.

‘ಪದ್ಮಾ, ಬಾರೇ ಇಲ್ಲಿ,’ ಅಂತ ಹೆಂಡತಿಯನ್ನು ಕೂಗಿದರು. ‘ನೋಡು, ಓದಿದೋರು ಇವರು. ಹೆತ್ತ ತಾಯೀನ ತಗೊಂಡೋಗಿ ಪಾರಿವಾಳಕ್ಕೆ ಕಟ್ಟಿದಾರೆ!’

‘ಸಾರ್, ಆ್ಯಪಲ್ಲಿ ಇತ್ತು, ಅದಕ್ಕೇ...’

‘ಇತ್ತು! ನಾನು ಹೇಳಿರ್ಲಿಲ್ವಾ? ಅವರನ್ನ ಬೈದು ಏನು ಪ್ರಯೋಜನ ಸ್ವಾಮಿ? ಅವರಿಗೆ ಆ ಹುಡುಗಿ ಯಾರು ಅಂತ ಗೊತ್ತಿಲ್ಲ. ನಿಮಗೆ ಗೊತ್ತಿತ್ತು!’ ಡಿಸ್ಕನ್ನು ನನ್ನ ಕೈಗೆ ಸಿಗದಂತೆ ದೂರ ಇಟ್ಟರು. ‘ನಿಮ್ಮ ಮೆಂಬರ್‌ಶಿಪ್ ಕ್ಯಾನ್ಸಲ್.’

ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಆದರೂ ಆ ಮಾತಿಗೆ ನನ್ನ ಕಿವಿ ಬಿಸಿಯಾಯಿತು.

ಪದ್ಮಕ್ಕ ಕಾಫಿ ತಂದರು. ಸೀತಾರಾಮು ಬಿಳಿ ಟೂತ್‌ಪೇಸ್ಟ್ ತರಿಸಿಕೊಂಡು, ಬೆರಳ ತುದಿಯಲ್ಲಿ ಹಚ್ಚಿ, ನಡುವಿನಿಂದ ಹೊರಗೆ, ನಡುವಿನಿಂದ ಹೊರಗೆ ತಿಕ್ಕತೊಡಗಿದರು. ಪ್ಲೇಯರಿಗೆ ಹಾಕಿದಾಗ ಡಿಸ್ಕು ಓಡಿತು. ಕಾಲೇಜಿನ ಗೇಟು ಬಂತು, ನಾಯಕ ಓಡಿ ಬಂದ, ಚಿತ್ರ ಚೌಕಚೌಕವಾಗಿ ಒಡೆಯಿತು. ಮತ್ತೆ ಸರಿಹೋದಾಗ ನಾಯಕ ಯಾವುದೋ ತೋಟದಲ್ಲಿ ಹಾಡುತ್ತಿದ್ದ. ಮೂರು ಸಲ ತಿಕ್ಕಿದರು. ಮೂರು ಸಲವೂ ತೋಟವೇ.

‘ಬಿಟ್ಟು ಹೋಗಿ,’ ಅಂದರು. ‘ಸರಿಹೋದ್ರೆ ನಾನೇ ಫೋನ್ ಮಾಡ್ತೀನಿ. ನೀವು ಮಾಡ್ಬೇಡಿ. ನಿಮ್ಮ ದನಿ ಕೇಳಿದ್ರೆ ಸಿಟ್ಟು ಬರುತ್ತೆ.’

ನಾನು ಮಾಡಲಿಲ್ಲ. ಹೆದರುವವನಿಗೆ ವಿಧೇಯತೆ ಸುಲಭ. ಎರಡು ತಿಂಗಳಾದ ಮೇಲೆ ಆ ನಂಬರಿನಿಂದ ಫೋನು ಬಂತು. ಗಂಟಲು ಸರಿಮಾಡಿಕೊಂಡು ಎತ್ತಿದೆ. ಪದ್ಮಕ್ಕನ ದನಿ. ‘ಇವರು ಹೋಗಿ ಹದಿನೈದು ದಿನ ಆಯ್ತಪ್ಪ. ಹಾರ್ಟು. ನಿಮ್ಮದೊಂದು ಸಾಮಾನು ಇದೆ, ಬಂದು ತಗೊಂಡೋಗಿ.’

ಮೇಜಿನ ಮೇಲೆ ಡಬ್ಬಿಯೂ ಇತ್ತು, ತಂತಿ ಸುತ್ತಿಟ್ಟ ಪ್ಲೇಯರೂ ಇತ್ತು. ‘ಇದನ್ನೂ ತಗೊಂಡೋಗಿ,’ ಅಂದರು ಪದ್ಮಕ್ಕ. ‘ಇದಿಲ್ದಿದ್ರೆ ಮತ್ತೆ ಪಾರಿವಾಳಕ್ಕೆ ಕಟ್ಬಿಡ್ತೀರ.’

ಡಿಸ್ಕು ಸರಿಹೋಯಿತೇ ಅಂತ ಕೇಳಿದೆ.

‘ನಂಗೇನು ಗೊತ್ತಪ್ಪ. ದಿನಾ ಅದರ ಮುಂದೆ ಕೂರೋರು, ದಿನಾ ನಿಮ್ಮನ್ನ ಬೈಯೋರು. ನಾಳೆ ಫೋನ್ ಮಾಡಿ ಬೈತೀನಿ ಅಂತಾನೇ ಇದ್ರು.’

ಆಟೋದಲ್ಲಿ ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಡಬ್ಬಿ ತೆಗೆದೆ. ಹಳೆಯ ಚೀಟಿ ಇರಲಿಲ್ಲ. ಹೊಸದೊಂದು ಇತ್ತು, ಅದೇ ಗುಂಡಗಿನ ಅಕ್ಷರ, ಸ್ವಲ್ಪ ಸೊಟ್ಟಗೆ:

‘ಐವತ್ತೆರಡನೇ ನಿಮಿಷ: ಅಂಟುತ್ತೆ. ಓಡಿಸ್ಬೇಡಿ. ಕಾಯಿರಿ. ಬರ್ತಾರೆ.’