ನಾನು ಕೊಟ್ಟ ದೂರಿನ ಬೆನ್ನಿಗೆ ಕಾರವಾರಕ್ಕೆ

ಬೆಳಿಗ್ಗೆ ಏಳೂವರೆಗೆ ಭಾವಿಕೇರಿ ಬಿಟ್ಟೆವು. ನಾನು ನಿವೃತ್ತ ಶಿಕ್ಷಕಿ. ಜೊತೆಗಿದ್ದವಳು ಶೇಂಗಾ ಗದ್ದೆಗೆ ಕೂಲಿಗೆ ಹೋಗುವ ನಮ್ಮ ಕೇರಿಯ ಸಾವಿತ್ರಿ. ಅವಳ ಹದಿನೈದರ ಮಗ ನಾಗರಾಜ ಹತ್ತೊಂಬತ್ತು ದಿನದಿಂದ ಪೊಲೀಸರು ಹಿಡಿದ ಮಕ್ಕಳನ್ನು ಇಡುವ ಕಾರವಾರದ ವೀಕ್ಷಣಾಲಯದಲ್ಲಿದ್ದ. ಅಲ್ಲಿಗೆ ಕಳಿಸಿದ್ದು ನನ್ನ ದೂರು; ಬಿಡಿಸಿ ತರಲು ಹೊರಟವಳೂ ನಾನೇ.

ನಮ್ಮ ಕೇರಿಯಲ್ಲಿ ಸ್ಕೂಟರಿನ ಕೀಲಿ ಸ್ಕೂಟರಿನಲ್ಲೇ ಇರುತ್ತದೆ. ಪೇಟೆ ಕೆಲಸವಿದ್ದವರು ಅಂಗಳದಿಂದ ಒಂದು ಕೂಗು ಹಾಕಿ ಒಯ್ಯುತ್ತಾರೆ. ನನ್ನ ಸ್ಕೂಟರ್ ಒಯ್ಯುವಾಗ ನಾಗರಾಜನೂ ಕೂಗಿದ್ದನಂತೆ, ಬಚ್ಚಲಲ್ಲಿದ್ದ ನನಗೆ ಕೇಳಲಿಲ್ಲ. ಅಂಕೋಲೆಯಲ್ಲಿ ಬಿದ್ದು ದೀಪ ಒಡೆದ, ಹೆದರಿ ಎರಡು ದಿನ ಮನೆಗೇ ಬರಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಎರಡು ದಿನ ಒಳಗಿದ್ದರೆ ಬುದ್ಧಿ ಬರುತ್ತದೆ ಎಂದುಕೊಂಡು ಠಾಣೆಯಲ್ಲಿ ಕಳ್ಳತನ ಎಂದೇ ಬರೆದುಕೊಟ್ಟೆ. ನನ್ನ ಬುದ್ಧಿಗಿಷ್ಟು! ಬಾಲ ನ್ಯಾಯ ಮಂಡಳಿಯವರು ಮೊದಲ ಸಲ ಕರೆದಾಗ ಸಾವಿತ್ರಿ ಹೆದರಿ ಹೋಗಲೇ ಇಲ್ಲ. ಹುಡುಗ ಒಳಗೇ ಉಳಿದ.

ಅಂಕೋಲೆಯಿಂದ ಕಾರವಾರ ಮೂವತ್ತೈದು ಕಿಲೋಮೀಟರಿನಷ್ಟು. ಹೆಂಗಸರಾದ್ದರಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿರಲಿಲ್ಲ. ಸೆಕೆಗೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಸಾವಿತ್ರಿಯ ಮಡಿಲಲ್ಲಿ ಅಕ್ಕಿ ರೊಟ್ಟಿ, ಒಣಸಿಗಡಿ ಚಟ್ನಿಯ ಡಬ್ಬಿ. ಅರ್ಗಾದಲ್ಲಿ ನೌಕಾನೆಲೆಯ ಗೋಡೆ ಮುಗಿಯದೇ ಸಾಗಿದಾಗ ಅವಳು ಕೇಳಿದಳು:

"ಅಕ್ಕೋರೆ, ಅಂವ ಇರೂ ಜಾಗಕ್ಕೂ ಇಷ್ಟೆತ್ರ ಗೋಡೆ ಇದ್ಯಾ?"

"ನಂಗೊತ್ತಿಲ್ವೇ" ಎಂದೆ. ನಾನು ಎಂದೂ ವಿಚಾರಿಸಿರಲಿಲ್ಲ.

ಬಾಲ ನ್ಯಾಯ ಮಂಡಳಿಯವರು ಹನ್ನೊಂದಕ್ಕೆ ಕರೆದರು. ದೂರು ಕೊಟ್ಟವಳೇ ಬಂದದ್ದು ನೋಡಿ ಅಲ್ಲಿನ ಮೇಡಮ್ ಕನ್ನಡಕ ತೆಗೆದರು.

"ಅಂವ ಕದ್ದಿಲ್ಲ, ತಪ್ಪು ನಂದು. ಶಾಲೆಗೆ ಹೋಗ್ಲಿ, ಸಂಜೆ ನಮ್ಮನೆ ಜಗಲಿ ಮೇಲೆ ಓದ್ಲಿ, ಸ್ಕೂಟರ್ ರಿಪೇರಿ ನನ್ನ ಜೊತಿಗೆ ನಿಂತು ಮಾಡಿಸ್ಲಿ. ನಾ ನೋಡ್ಕಳ್ತೆ" ಎಂದೆ.

"ಇಷ್ಟನ್ನೇ ಮೊದಲ ದಿನ ಮಾಡಬಹುದಿತ್ತಲ್ಲ?" ಎಂದರು.

ನಿಜ, ಹದಿನೈದರ ಹುಡುಗನನ್ನು ತಿದ್ದಲು ನನ್ನ ಜಗಲಿ, ನಾಲ್ಕು ಬೈಗುಳ ಸಾಕಿತ್ತು. ಅವರು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಲು ಒಪ್ಪಿದರು.

ವೀಕ್ಷಣಾಲಯದವರು ಕೆಟ್ಟವರಲ್ಲ. ಯಾರೂ ಹೊಡೆದಿರಲಿಲ್ಲ, ಊಟವೂ ಹೊತ್ತಿಗೆ ಸರಿಯಾಗಿ ಸಿಕ್ಕಿತ್ತು. ಆದರೆ ನಿದ್ದೆಯಲ್ಲೂ ಮಾತಾಡುವ ಹುಡುಗ ಈಗ ಕೇಳಿದ್ದಕ್ಕೆ ಹೌದು, ಇಲ್ಲ ಅಷ್ಟೇ. ಹಬ್ಬುವಾಡದ ಹೋಟೆಲೊಂದರಲ್ಲಿ ಚಾ ಹೇಳಿದೆ. ಸಾವಿತ್ರಿ ಡಬ್ಬಿ ಬಿಚ್ಚಿದಳು. "ತಿನ್ನೋ" ಎನ್ನುವವರೆಗೂ ನಾಗರಾಜ ಮುಟ್ಟಲಿಲ್ಲ. ತಿಂದು, ಖಾಲಿ ಡಬ್ಬಿ ಹಿಡಿದು ಎದ್ದು ನಿಂತು, ತಟ್ಟೆ ತೊಳೆಯುವ ಸಾಲು ಎಲ್ಲಿದೆ ಎಂದು ಸುತ್ತ ನೋಡಿದ. ಸಾವಿತ್ರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಅವನ ಕೈಯಿಂದ ಡಬ್ಬಿ ತೆಗೆದುಕೊಂಡೆ.

ಬಸ್ಸಿನಲ್ಲಿ ಅಂಕೋಲೆ, ಅಲ್ಲಿಂದ ರಿಕ್ಷಾದಲ್ಲಿ ಮನೆ. ನಾಯಿ ಓಡಿಬಂದು ಅವನ ಕಾಲು ಸುತ್ತಿತು. ಸಾವಿತ್ರಿ ಬಾಗಿಲು ತೆಗೆದು, "ಬಾ ಮಗಾ" ಎಂದಳು. ಅವನು ಅಂಗಳದಲ್ಲೇ ನಿಂತಿದ್ದ.

"ನಿನ್ ಮನೆಯೋ ಇದು, ಬಾರೋ!"

ಅವನು ತಾಯಿಯ ಕಡೆ ನೋಡಲಿಲ್ಲ. ನನ್ನತ್ತ ತಿರುಗಿ ಮೆಲ್ಲಗೆ ಕೇಳಿದ:

"ಅಕ್ಕೋರೆ, ಒಳಗೆ ಹೋಗ್ಲಾ?"