ಕುದುರೆ ಸುಮ್ಮನೆ ನಿಂತಿತ್ತಾ?

ಮಣ್ಣಗುಡ್ಡೆಯಿಂದ ಬರುತ್ತಿದ್ದ ಆ ಕುದುರೆ ಡಾಕ್ಟರು ಸುಮ್ಮನೆ ನಿಂತದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಉಳಿದಂತೆ ಕಾಲು ಅತ್ತಿತ್ತ, ಬೆರಳಲ್ಲಿ ಸ್ಕೂಟರಿನ ಕೀ ಗಿರಗಿರ. ಬಂದ ಕೂಡಲೇ ಒಂದೇ ಪ್ರಶ್ನೆ: "ಕುದುರೆ ಸುಮ್ಮನೆ ನಿಂತಿತ್ತಾ?"

ನನ್ನ ಮೊಮ್ಮಗಳು ಸವಾರಿ ಕಲಿಯುತ್ತಿದ್ದ ಕುದುರೆಯ ಮೊಣಕಾಲು ಊದಿತ್ತು. ವಾಸಿಯಾಗದಿದ್ದರೆ ಸವಾರಿ ಶಾಲೆಯವರು ಅದನ್ನು ಮಾರುತ್ತಾರೆಂದು ಅವಳು ಊಟವನ್ನೇ ಬಿಟ್ಟಿದ್ದಳು. ಅದರದೇ ರಕ್ತದಿಂದ ಮದ್ದು ಮಾಡಿ ಮೊಣಕಾಲಿಗೆ ಚುಚ್ಚುವುದೆಂದು ಡಾಕ್ಟರು ಹೇಳಿದ್ದರು. ರಕ್ತ ತೆಗೆಯುವ ದಿನ ಅದೇ ಪ್ರಶ್ನೆಗೆ ನಾನು ಹೆಮ್ಮೆಯಿಂದ, "ಇಲ್ಲ ಡಾಕ್ಟ್ರೇ, ರಕ್ತ ಚೆನ್ನಾಗಿ ಹರಿಯಲಿ ಅಂತ ಹತ್ತು ಸುತ್ತು ಬಿರುಸಾಗಿ ನಡೆಸಿದೆ" ಎಂದೆ.

ಅವರು ಸೂಜಿಯನ್ನು ಚೀಲಕ್ಕೆ ಹಾಕಿದರು. "ಎಂತ ಮಾಡಿದ್ರಿ ಅಜ್ಜ! ಬೆವರಿದ ಕುದುರೆಯ ರಕ್ತವೇ ಬೇರೆ ಉಂಟು. ಅದರಿಂದ ಮಾಡಿದ ಮದ್ದೂ ಬೇರೆ ಆಗ್ತದೆ. ನಾಳೆ ಬರ್ತೇನೆ. ಅಲ್ಲಿವರೆಗೆ ಅದು ನಿಲ್ಲಲಿ, ನೀವೂ ಕೂತ್ಕೊಳ್ಳಿ ಮಾರಾಯ್ರೇ!"

"ಮೊದಲು ನೀವು ನಿಲ್ಲಿ ಡಾಕ್ಟ್ರಂಕಲ್" ಎಂದಳು ಮೊಮ್ಮಗಳು. ಕೀ ಇನ್ನೂ ಜೋರಾಗಿ ತಿರುಗಿತು.

ಮರುದಿನ ರಕ್ತ ತೆಗೆದರು, ಆಮೇಲೆ ಮದ್ದು ಕೊಟ್ಟರು. ವಾರಗಳು ಕಳೆದು ಕುದುರೆ ಅವಳನ್ನು ಹೊತ್ತು ಓಡಿದಾಗ ಡಾಕ್ಟರು ಕೀಯನ್ನು ಕಿಸೆಗೆ ಹಾಕಿ, ಕಣ್ಣು ಮುಚ್ಚಿ, ಗೊರಸಿನ ಸದ್ದು ಕೇಳುತ್ತ ಕಂಬದಂತೆ ನಿಂತರು. "ಕುಂಟು ಇಲ್ಲ" ಎಂದರು.

ನಾನು ಕೂರಲಾಗದೆ ಕುದುರೆಯ ಜೊತೆಗೇ ಬೇಲಿಯುದ್ದಕ್ಕೂ ಓಡಿದೆ.